ಮಬ್ಬುಬೆಳಕಿನಲ್ಲಿ ಹತ್ತಿರದ ಚಿತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟದಲ್ಲಿ ಏಳುವ ಅಣಬೆಗಳನ್ನೂ ಸಂಜೆ ಗಿಡಗಳ ಮೇಲೆ ಬಂದು ಕೂರುವ ಮರಗಪ್ಪೆಗಳನ್ನೂ ಹತ್ತಿರದಿಂದ ಚಿತ್ರಿಸಬೇಕೆಂಬ ಆಸೆಯಿದೆ. ನನ್ನಲ್ಲಿರುವುದು ಜೇಬಿನಲ್ಲಿ ಹಿಡಿಸುವ ಕಾಂಪ್ಯಾಕ್ಟ್ ಕ್ಯಾಮೆರಾ. ಜೂಮ್ ಮಾಡಿದರೆ ಚಿತ್ರ ಅಲುಗಿದಂತೆ ಬರುತ್ತದೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿದರೆ ಕಾಳುಕಾಳಾಗುತ್ತದೆ. ದೊಡ್ಡ ಕ್ಯಾಮೆರಾ ಕೊಳ್ಳಲೇಬೇಕೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕೊಳ್ಳಬೇಕಾಗಿಲ್ಲ. ಮೊದಲು ಜೂಮ್ ಬಳಸುವುದನ್ನು ಬಿಡಿ. ನಿಮ್ಮ ತೊಂದರೆಯ ಹೆಚ್ಚಿನ ಪಾಲು ಅಲ್ಲಿಯೇ ಇದೆ. ಕಾಂಪ್ಯಾಕ್ಟ್ ಕ್ಯಾಮೆರಾಗಳ ಲೆನ್ಸ್ ಜೂಮ್ ಮಾಡದೆ ಇರುವಾಗ ಅತ್ಯಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ, ಜೂಮ್ ಮಾಡುತ್ತ ಹೋದಂತೆ ಅದರ ಅಪರ್ಚರ್, ಎಂದರೆ ಬೆಳಕು ಒಳಬರುವ ಕಿಂಡಿ, ಕಿರಿದಾಗುತ್ತದೆ. ಎಫ್ ಸಂಖ್ಯೆ ಹೆಚ್ಚಿದಷ್ಟೂ ಈ ಕಿಂಡಿ ಕಿರಿದು. ಎಫ್/2 ಇದ್ದದ್ದು ಎಫ್/5.6 ಆಯಿತೆಂದರೆ ಬೆಳಕು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. 1/30 ಸೆಕೆಂಡಿನಲ್ಲಿ ಮುಗಿಯಬೇಕಿದ್ದ ಚಿತ್ರಕ್ಕೆ ಸುಮಾರು 1/4 ಸೆಕೆಂಡು ಬೇಕಾಗುತ್ತದೆ. ಇದರ ಮೇಲೆ ಜೂಮ್ ಕೈಯ ನಡುಕವನ್ನೂ ಹಿಗ್ಗಿಸಿ ತೋರಿಸುವುದರಿಂದ ಚಿತ್ರ ಎರಡು ಕಡೆಯಿಂದಲೂ ಕೆಡುತ್ತದೆ. ಆದ್ದರಿಂದ ಹೂವಿನ ಚಿಹ್ನೆಯಿರುವ ಮ್ಯಾಕ್ರೋ ವಿಧಾನವನ್ನು ಆರಿಸಿಕೊಂಡು, ಜೂಮನ್ನು ಪೂರ್ತಿ ಹಿಂದಕ್ಕೆ ತಂದು, ಕ್ಯಾಮೆರಾವನ್ನೇ ವಸ್ತುವಿನ ಹತ್ತಿರಕ್ಕೆ ಒಯ್ಯಿರಿ. ಕೆಲವು ಮಾದರಿಗಳು ಒಂದೆರಡು ಸೆಂಟಿಮೀಟರ್ ದೂರದಲ್ಲಿಯೂ ಫೋಕಸ್ ಮಾಡಬಲ್ಲವು. ಆದರೆ ಅಷ್ಟು ಹತ್ತಿರ ಹೋದರೆ ಕ್ಯಾಮೆರಾದ ನೆರಳೇ ಅಣಬೆಯ ಮೇಲೆ ಬೀಳುತ್ತದೆ. ಐದಾರು ಸೆಂಟಿಮೀಟರ್ ದೂರದಲ್ಲಿ ನಿಂತು, ಬೇಡದ ಅಂಚನ್ನು ಆಮೇಲೆ ಕತ್ತರಿಸಿಕೊಳ್ಳುವುದೇ ಲೇಸು.

ಚಿತ್ರವನ್ನು ದಾಖಲಿಸುವ ಸೆನ್ಸರ್ ಚಿಕ್ಕದೆಂದು ಬೇಸರಿಸಬೇಡಿ. ಹತ್ತಿರದ ಚಿತ್ರಗಳಲ್ಲಿ ಅದು ಒಂದು ಅನುಕೂಲವೇ ಆಗಿದೆ. ಸಾಮಾನ್ಯ ಕಾಂಪ್ಯಾಕ್ಟ್‌ಗಳ ಸೆನ್ಸರ್ ಸುಮಾರು 6 ಮಿ.ಮೀ. ಅಗಲವಿದ್ದು, ಅದೇ ಅಪರ್ಚರ್‌ನಲ್ಲಿ ದೊಡ್ಡ ಕ್ಯಾಮೆರಾಗಳಿಗಿಂತ ಹೆಚ್ಚು ಆಳದವರೆಗೆ ಸ್ಪಷ್ಟತೆ ಕೊಡುತ್ತದೆ. ಹೀಗಾಗಿ ಅಪರ್ಚರನ್ನು ಕಿರಿದುಗೊಳಿಸುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಎಫ್/8ರ ತನಕ ಕಿರಿದುಗೊಳಿಸಿದರೆ ಬೆಳಕಿನ ವಿವರ್ತನೆಯಿಂದ (ಕಿರಿದಾದ ಕಿಂಡಿಯನ್ನು ಹಾಯುವಾಗ ಬೆಳಕು ಹರಡಿಕೊಳ್ಳುವುದರಿಂದ) ಇಡೀ ಚಿತ್ರವೇ ಮಂಕಾಗುತ್ತದೆ.

ಅಣಬೆ ಕದಲುವುದಿಲ್ಲ, ಹಾಗಾಗಿ ಅದಕ್ಕೆ ಬೇಕಾದದ್ದು ತಾಳ್ಮೆ ಮಾತ್ರ. ಅಕ್ಕಿ ತುಂಬಿದ ಸಣ್ಣ ಬಟ್ಟೆಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೆಲದ ಮೇಲಿಡಿ. ಅದರ ಮೇಲೆ ಕ್ಯಾಮೆರಾವನ್ನು ಅದುಮಿ ಕೂರಿಸಿ, ಐಎಸ್‌ಒ 100ಕ್ಕೆ ಇಳಿಸಿ, ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿದರೆ ಬೆರಳು ಒತ್ತಿದ ಅಲುಗಾಟವೂ ಚಿತ್ರಕ್ಕೆ ತಟ್ಟುವುದಿಲ್ಲ. ಷಟರ್ ಅರ್ಧ ಸೆಕೆಂಡು ತೆರೆದಿದ್ದರೂ ಚಿಂತೆಯಿಲ್ಲ. ಅಣಬೆಯ ಕೊಡೆಯ ಅಡಿಯ ಪದರಗಳು ಕತ್ತಲಲ್ಲಿ ಮುಳುಗುವುದು ಸಾಮಾನ್ಯ. ಆಗ ಹೊಸದಾಗಿ ಉದುರಿದ ಅಡಿಕೆ ಹಾಳೆಯೊಂದನ್ನು, ಅದರ ನಸುಬಿಳುಪಾದ ಒಳಮೈ ಅಣಬೆಯ ಕಡೆಗಿರುವಂತೆ ಪಕ್ಕದಲ್ಲಿ ವಾಲಿಸಿಡಿ. ಅಂಗಡಿಯಲ್ಲಿ ಸಿಗುವ ಬೆಳಕಿನ ಪ್ರತಿಫಲಕಗಳಿಗೆ ತೋಟದ ಈ ಹಾಳೆ ಏನೂ ಕಡಿಮೆಯಿಲ್ಲ, ಅದರ ಬೆಳಕಿನಲ್ಲಿ ಒಂದೊಂದು ಪದರವೂ ಬಿಡಿಬಿಡಿಯಾಗಿ ಕಾಣಿಸುತ್ತದೆ.

ಕಪ್ಪೆಯ ಮಾತು ಬೇರೆ. ಅದು ಕುಳಿತಲ್ಲೇ ಇದ್ದರೂ ಗಂಟಲು ಸತತವಾಗಿ ಮಿಡಿಯುತ್ತಿರುವುದರಿಂದ ಷಟರ್ 1/125 ಸೆಕೆಂಡಿಗಿಂತ ನಿಧಾನವಾಗಬಾರದು. ಇದಕ್ಕೆ ಐಎಸ್‌ಒ 800 ಬೇಕಾದರೂ ಹಿಂಜರಿಯಬೇಡಿ. ಕಾಳುಕಾಳಾದ ಚಿತ್ರವನ್ನು ಕಣ್ಣು ಒಪ್ಪಿಕೊಳ್ಳುತ್ತದೆ, ಅಲುಗಿದ ಚಿತ್ರವನ್ನು ಒಪ್ಪುವುದಿಲ್ಲ. ಫೋಕಸ್ ಬಿಂದುವನ್ನು ನಡುವಿಗೆ ನಿಲ್ಲಿಸಿ, ಕಪ್ಪೆಯ ಹತ್ತಿರದ ಕಣ್ಣಿನ ಮೇಲಿಟ್ಟು, ಗುಂಡಿಯನ್ನು ಅರ್ಧ ಒತ್ತಿ ಹಿಡಿಯಿರಿ. ನಂತರ ಮೈಯನ್ನು ಕೂದಲೆಳೆಯಷ್ಟು ಮುಂದಕ್ಕೆ, ಹಿಂದಕ್ಕೆ ವಾಲಿಸುತ್ತ ಸಾಲಾಗಿ ಹಲವು ಚಿತ್ರಗಳನ್ನು ತೆಗೆದರೆ ಒಂದರಲ್ಲಾದರೂ ಕಣ್ಣು ನಿಚ್ಚಳವಾಗಿ ಬರುತ್ತದೆ.

ಪ್ರಶ್ನೆ: ಹತ್ತಿರದಿಂದ ಫ್ಲ್ಯಾಷ್ ಹಾಕಿದರೆ ಚಿತ್ರದ ಒಂದು ಭಾಗ ಕಪ್ಪಾಗುತ್ತದೆ, ಕಪ್ಪೆಯ ಒದ್ದೆ ಮೈ ಬೆಳ್ಳಗೆ ಹೊಳೆಯುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಸಾಗರ

ಉತ್ತರ: ಮುಂದಕ್ಕೆ ಚಾಚಿರುವ ಲೆನ್ಸ್ ಕೊಳವೆಯೇ ಫ್ಲ್ಯಾಷ್‌ನ ಬೆಳಕಿಗೆ ಅಡ್ಡ ಬಂದು ಆ ನೆರಳು ಬೀಳುತ್ತದೆ. ಫ್ಲ್ಯಾಷ್ ಆರಿಸಿಬಿಡಿ. ಎಲ್‌ಇಡಿ ಟಾರ್ಚಿನ ಬಾಯಿಗೆ ಟ್ರೇಸಿಂಗ್ ಕಾಗದ ಕಟ್ಟಿ, ಜೊತೆಗಿರುವವರ ಕೈಗೆ ಕೊಟ್ಟು, ಬೆಳಕು ಮೇಲಿನಿಂದ ಓರೆಯಾಗಿ ಬೀಳುವಂತೆ ಹಿಡಿಸಿ. ಕಾಗದದ ಮೂಲಕ ಹಾಯ್ದ ಬೆಳಕು ಹರಡಿಕೊಳ್ಳುವುದರಿಂದ ಒದ್ದೆ ಚರ್ಮದ ಮೇಲಿನ ಬಿಳಿ ಚುಕ್ಕೆಗಳು ಮೆದುವಾಗುತ್ತವೆ, ಫೋಕಸ್ ಕೂಡ ಬೇಗ ಸಿಗುತ್ತದೆ. ಒಂದು ಕೋರಿಕೆ: ಇರುಳಿಗೆ ಒಗ್ಗಿದ ಕಣ್ಣುಗಳ ಮೇಲೆ ಟಾರ್ಚನ್ನು ಬಹಳ ಹೊತ್ತು ಬಿಡಬೇಡಿ. ಚಿತ್ರಕ್ಕಾಗಿ ಕಪ್ಪೆಯನ್ನು ಹಿಡಿದು ಬೇರೆ ಎಲೆಯ ಮೇಲೆ ಕೂರಿಸಲೂಬೇಡಿ. ಕಪ್ಪೆಗಳು ಚರ್ಮದ ಮೂಲಕವೂ ಉಸಿರಾಡುತ್ತವೆ, ನಮ್ಮ ಕೈಯ ಉಪ್ಪು, ಸೊಳ್ಳೆ ಮುಲಾಮುಗಳು ಅವಕ್ಕೆ ಹಾನಿ ಮಾಡುತ್ತವೆ.

ಪ್ರಶ್ನೆ: ಆಗುಂಬೆಯಲ್ಲಿ ಕಾರಿನಿಂದ ಇಳಿದು ತೆಗೆದ ಮೊದಲ ಚಿತ್ರಗಳೆಲ್ಲ ಹೊಗೆ ಕವಿದಂತೆ ಬಂದವು. ಲೆನ್ಸ್ ಕೆಟ್ಟಿದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಾರಿನಲ್ಲಿ ಎಸಿ ಹಾಕಿಕೊಂಡು ಹೋಗಿದ್ದರೆ ಲೆನ್ಸ್ ಕೆಟ್ಟಿರುವ ಸಂಭವ ಕಡಿಮೆ. ತಣ್ಣಗಾದ ಗಾಜಿನ ಮೇಲೆ ಹೊರಗಿನ ತೇವಭರಿತ ಗಾಳಿ ಹನಿಗಟ್ಟುತ್ತದೆ. ಘಾಟಿ ತಲುಪುವ ಮೊದಲೇ ಎಸಿ ಆರಿಸಿ, ಇಳಿದ ಮೇಲೆ ಕ್ಯಾಮೆರಾವನ್ನು ಚೀಲದಲ್ಲಿಯೇ ಕಾಲು ಗಂಟೆ ಬಿಡಿ. ಮನೆಗೆ ಬಂದ ಮೇಲೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ, ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುವುದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ.