ರಾತ್ರಿ ಅರಚುವ ಬೆಕ್ಕುಗಳು: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮ ಮನೆಯ ಹಿಂಭಾಗದಲ್ಲಿ ಐದಾರು ಬೆಕ್ಕುಗಳು ಓಡಾಡಿಕೊಂಡಿವೆ. ಅವನ್ನು ಯಾರೂ ಸಾಕಿಲ್ಲ. ಪಕ್ಕದ ಮನೆಯ ಹಿರಿಯರೊಬ್ಬರು ರಾತ್ರಿ ಊಟವಾದ ಮೇಲೆ ಉಳಿದದ್ದನ್ನು ಗೋಡೆಯ ಬದಿಯಲ್ಲಿ ಇಡುತ್ತಾರೆ, ಅಷ್ಟೆ. ಕೆಲವು ವಾರಗಳಿಂದ ನಡುರಾತ್ರಿಯಲ್ಲಿ ಎಳೆಗೂಸು ಅಳುವಂಥ ಕೂಗು, ಅದರ ಬೆನ್ನಿಗೆ ಕಿಟಕಿಯ ಕೆಳಗೇ ಕಾದಾಟ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ನಮ್ಮ ತಾಯಿಯವರಿಗೆ ನಿದ್ದೆಯೇ ಇಲ್ಲದಂತಾಗಿದೆ. ಹಿಡಿದು ದೂರ ಬಿಟ್ಟುಬನ್ನಿ ಎಂದು ಕೆಲವರು ಹೇಳುತ್ತಾರೆ. ಒಬ್ಬರಂತೂ ವಿಷವಿಡುವ ಮಾತನ್ನೂ ಆಡಿದರು. ಅದು ನಮ್ಮಿಂದಾಗದು. ಬೆಕ್ಕುಗಳಿಗೆ ನೋವಾಗದಂತೆ ಈ ಗದ್ದಲವನ್ನು ನಿಲ್ಲಿಸುವ ದಾರಿಯಿದ್ದರೆ ದಯವಿಟ್ಟು ತಿಳಿಸಿ.

ಉತ್ತರ: ವಿಷವಿಡುವುದು ನಿಮ್ಮಿಂದಾಗದು ಎಂದು ಬರೆದಿದ್ದೀರಿ, ಆ ಒಂದು ಸಾಲಿಗಾಗಿ ಮೊದಲು ನಿಮಗೆ ಧನ್ಯವಾದಗಳು. ವಿಷ ತಿಂದ ಪ್ರಾಣಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಅದೇ ವಿಷ ನಾಯಿಯ, ಹಕ್ಕಿಯ, ಅಂಗಳದಲ್ಲಿ ಆಡುವ ಮಗುವಿನ ಬಾಯಿಗೂ ಹೋಗಬಹುದು, ಮತ್ತು ಅನೇಕ ದೇಶಗಳ ಕಾನೂನಿನಲ್ಲಿ ಅದು ಶಿಕ್ಷಾರ್ಹ ಅಪರಾಧ. ಆ ಮಾತನ್ನು ಆಡಿದವರಿಗೂ ಇದನ್ನು ತಿಳಿಸಿ.

ನೀವು ಕೇಳುತ್ತಿರುವುದು ಒಂದೇ ಬಗೆಯ ಕೂಗಲ್ಲ, ಎರಡು. ಮೊದಲನೆಯದು ಬೆದೆಗೆ ಬಂದ ಹೆಣ್ಣು ಬೆಕ್ಕಿನದು. ಅದು ನೆಲದ ಮೇಲೆ ಹೊರಳಾಡುತ್ತದೆ, ಸಿಕ್ಕ ಕಂಬಕ್ಕೆಲ್ಲ ಕೆನ್ನೆ ಉಜ್ಜುತ್ತದೆ, ದೂರದ ಗಂಡುಗಳಿಗೆ ಕೇಳಲೆಂದು ಎಳೆದೆಳೆದು ಕೂಗುತ್ತದೆ. ಎರಡನೆಯದು ಆ ಕರೆಗೆ ಓಗೊಟ್ಟು ಬಂದ ಗಂಡುಗಳದು. ರಾತ್ರಿ ಕಿಟಕಿಯಿಂದ ಒಮ್ಮೆ ನೋಡಿದರೆ ನಿಮಗೇ ತಿಳಿಯುತ್ತದೆ: ಎರಡು ಗಂಡುಗಳು ಒಂದು ಮೊಳದ ಅಂತರದಲ್ಲಿ ಕಲ್ಲಾಗಿ ನಿಂತಿರುತ್ತವೆ, ಕಿವಿಗಳು ತಲೆಗೆ ಅಂಟಿಕೊಂಡಿರುತ್ತವೆ, ಬಾಲದ ತುದಿಯೊಂದೇ ಅತ್ತಿತ್ತ ಬಡಿದುಕೊಳ್ಳುತ್ತಿರುತ್ತದೆ, ಗಂಟಲಿನಲ್ಲಿ ಹುಟ್ಟಿದ ಗುರುಗುಟ್ಟುವಿಕೆ ಮೆಲ್ಲನೆ ಏರುತ್ತಾ ಹೋಗಿ ನೀವು ಹೇಳುವ ಅಳುವಾಗುತ್ತದೆ. ನಿಜವಾಗಿ ಅದು ಕಾದಾಟವನ್ನು ತಪ್ಪಿಸಿಕೊಳ್ಳುವ ಪ್ರಯತ್ನ. ಎಷ್ಟೋ ಸಲ ಹಲವು ನಿಮಿಷಗಳ ಬೆದರಿಕೆಯ ನಂತರ ಒಂದು ಬೆಕ್ಕು ಮುಖ ತಿರುಗಿಸಿ, ಒಂದೊಂದೇ ಹೆಜ್ಜೆಯಿಟ್ಟು ಹಿಂದೆ ಸರಿಯುತ್ತದೆ. ಯಾವುದೂ ಸರಿಯದಿದ್ದಾಗ ಮಾತ್ರ ಮೈಮೇಲೆ ಬೀಳುತ್ತವೆ.

ಇದು ಒಂದೆರಡು ದಿನಗಳಲ್ಲಿ ಮುಗಿಯದಿರುವುದಕ್ಕೆ ಕಾರಣ ಬೆಕ್ಕಿನ ದೇಹದ ರಚನೆಯಲ್ಲೇ ಇದೆ. ಹೆಣ್ಣು ಬೆಕ್ಕಿನ ಅಂಡ ಸಾಮಾನ್ಯವಾಗಿ ಗಂಡಿನೊಡನೆ ಕೂಡಿದ ಮೇಲೆಯೇ ಬಿಡುಗಡೆಯಾಗುತ್ತದೆ. ಬೆದೆ ಸುಮಾರು ಒಂದು ವಾರ ಇರುತ್ತದೆ. ಕೂಡುವಿಕೆ ನಡೆಯದಿದ್ದರೆ ಎರಡು ಮೂರು ವಾರಗಳಲ್ಲಿ ಮತ್ತೆ ಬರುತ್ತದೆ. ಗರ್ಭ ಕಟ್ಟಿದರೆ 63ರಿಂದ 65 ದಿನಗಳಲ್ಲಿ ಮೂರರಿಂದ ಐದು ಮರಿಗಳು ಹುಟ್ಟುತ್ತವೆ, ಆ ಮರಿಗಳಲ್ಲಿ ಹೆಣ್ಣಾದವು ನಾಲ್ಕರಿಂದ ಆರು ತಿಂಗಳಿಗೇ ಬೆದೆಗೆ ಬರಬಲ್ಲವು. ಬೆದೆಯ ಕಾಲವನ್ನು ನಿರ್ಧರಿಸುವುದು ಹಗಲಿನ ಉದ್ದ. ಆದ್ದರಿಂದ ಚಳಿಗಾಲದಲ್ಲಿ ಹಗಲು ತೀರಾ ಗಿಡ್ಡವಾಗುವ ಕಡೆಗಳಲ್ಲಿ ವರ್ಷದ ಕೆಲವು ತಿಂಗಳಾದರೂ ಬಿಡುವಿರುತ್ತದೆ. ಭೂಮಧ್ಯರೇಖೆಗೆ ಹತ್ತಿರವಾದಷ್ಟೂ ಆ ಬಿಡುವು ಇಲ್ಲವಾಗುತ್ತದೆ. ಹೀಗಾಗಿ ಸಂತಾನಹರಣ ಚಿಕಿತ್ಸೆಯಾಗದ ಒಂದೇ ಒಂದು ಹೆಣ್ಣು ಬೆಕ್ಕು ಸುತ್ತಲಿನ ಗಂಡುಗಳನ್ನೆಲ್ಲ ವರ್ಷದಲ್ಲಿ ಹಲವು ಬಾರಿ ನಿಮ್ಮ ಕಿಟಕಿಯ ಕೆಳಗೆ ಸೇರಿಸುತ್ತದೆ.

ಹಿಡಿದು ದೂರ ಬಿಡುವ ಸಲಹೆಯನ್ನು ಕೊಡುವವರು ಸದುದ್ದೇಶದಿಂದಲೇ ಕೊಡುತ್ತಾರೆ. ಆದರೂ ಅದನ್ನು ಮಾಡಬೇಡಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟ ಬೆಕ್ಕಿಗೆ ನೀರೆಲ್ಲಿ, ಆಹಾರವೆಲ್ಲಿ, ಅಡಗುವ ಜಾಗವೆಲ್ಲಿ ಎಂಬುದು ತಿಳಿದಿರುವುದಿಲ್ಲ. ಅಲ್ಲಿನ ಬೆಕ್ಕುಗಳು ಅದನ್ನು ಅಟ್ಟುತ್ತವೆ. ತನ್ನ ಹಳೆಯ ಜಾಗವನ್ನು ಹುಡುಕಿ ಹೊರಟ ಬೆಕ್ಕು ರಸ್ತೆಯಲ್ಲಿ ವಾಹನಕ್ಕೆ ಸಿಕ್ಕು ಸಾಯುವುದುಂಟು. ಇತ್ತ ನಿಮ್ಮ ಹಿತ್ತಲಿನಲ್ಲಿ ಆಹಾರವೂ ಆಸರೆಯೂ ಹಾಗೆಯೇ ಉಳಿದಿರುವುದರಿಂದ, ಖಾಲಿಯಾದ ಆ ಜಾಗಕ್ಕೆ ಸುತ್ತಲಿನ ಬೇರೆ ಬೆಕ್ಕುಗಳು ಬಂದು ಸೇರುತ್ತವೆ. ಹೊಸಬರ ನಡುವೆ ಗಡಿ ಇನ್ನೂ ನಿಶ್ಚಯವಾಗಿರುವುದಿಲ್ಲವಾದ್ದರಿಂದ ಗದ್ದಲ ಮೊದಲಿಗಿಂತ ಹೆಚ್ಚೇ ಆಗುತ್ತದೆ.

ಶಾಶ್ವತವಾದ ಪರಿಹಾರ ಇಲ್ಲಿರುವ ಬೆಕ್ಕುಗಳಿಗೆಲ್ಲ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಅವನ್ನು ಇದೇ ಜಾಗದಲ್ಲಿ ಮತ್ತೆ ಬಿಡುವುದು. 1970ರ ದಶಕದಲ್ಲಿ ಬ್ರಿಟನ್ ಮತ್ತು ಡೆನ್ಮಾರ್ಕ್‌ಗಳಲ್ಲಿ ವ್ಯವಸ್ಥಿತವಾಗಿ ಆರಂಭವಾದ ಈ ವಿಧಾನ ಇಂದು ಅನೇಕ ದೇಶಗಳಲ್ಲಿ ರೂಢಿಯಲ್ಲಿದೆ. ಹೆಣ್ಣಿನ ಅಂಡಾಶಯವನ್ನು ತೆಗೆದ ಮೇಲೆ ಬೆದೆಯೇ ಬರುವುದಿಲ್ಲ, ಬೆದೆಯ ಕೂಗೂ ಇರುವುದಿಲ್ಲ. ವೃಷಣವನ್ನು ತೆಗೆದ ಗಂಡಿನಲ್ಲಿ ಕೆಲವು ವಾರಗಳೊಳಗೆ ಹಾರ್ಮೋನು ಇಳಿಯುತ್ತದೆ. ಹೆಣ್ಣಿಗಾಗಿ ಅಲೆಯುವುದು, ಕಾದಾಡುವುದು, ಗೋಡೆ ಬಾಗಿಲುಗಳ ಮೇಲೆ ಮೂತ್ರ ಸಿಂಪಡಿಸುವುದು ಬಹುಮಟ್ಟಿಗೆ ಕಡಿಮೆಯಾಗುತ್ತವೆ, ಆ ಮೂತ್ರದ ಕಟುವಾಸನೆಯೂ ತಗ್ಗುತ್ತದೆ. ಚಿಕಿತ್ಸೆಯಾದ ಮೊದಲ ಕೆಲವು ವಾರ ಗಂಡು ಬೆಕ್ಕಿಗೆ ಮರಿ ಹುಟ್ಟಿಸುವ ಶಕ್ತಿ ಇನ್ನೂ ಉಳಿದಿರಬಹುದು. ಈ ಅವಧಿಯಲ್ಲಿ ಬದಲಾವಣೆ ಕಾಣಲಿಲ್ಲವೆಂದು ಧೈರ್ಯಗೆಡಬೇಡಿ.

ಈ ಕೆಲಸದಲ್ಲಿ ನಿಮಗೆ ಎಲ್ಲರಿಗಿಂತ ಹೆಚ್ಚು ನೆರವಾಗಬಲ್ಲವರು ಊಟವಿಡುವ ಆ ಹಿರಿಯರೇ. ಗದ್ದಲಕ್ಕೆ ಅವರೇ ಕಾರಣವೆಂದು ಜಗಳಕ್ಕೆ ನಿಲ್ಲುವವರನ್ನು ನಾನು ಬಹಳ ಕಂಡಿದ್ದೇನೆ. ಅದರಿಂದ ಆಗುವುದಿಷ್ಟೆ, ಅವರು ಕದ್ದು ಊಟವಿಡಲು ತೊಡಗುತ್ತಾರೆ, ಬೆಕ್ಕುಗಳು ಎಲ್ಲಿ, ಯಾವಾಗ ಬರುತ್ತವೆಂಬುದು ಯಾರಿಗೂ ತಿಳಿಯದಂತಾಗುತ್ತದೆ. ಯಾವ ಬೆಕ್ಕು ಗಂಡು, ಯಾವುದು ಹೆಣ್ಣು, ಯಾವುದಕ್ಕೆ ಮರಿಗಳಿವೆ, ಯಾವುದು ಹೊಸದಾಗಿ ಬಂದದ್ದು ಎಂಬುದನ್ನೆಲ್ಲ ಬಲ್ಲವರು ಅವರೊಬ್ಬರೇ. ಹಗಲು ಹೊತ್ತಿನಲ್ಲಿ ಅವರ ಮನೆಗೆ ಹೋಗಿ, ತಾಯಿಯವರ ಆರೋಗ್ಯದ ವಿಷಯವನ್ನು ತಿಳಿಸಿ, ಬೆಕ್ಕುಗಳನ್ನು ಓಡಿಸುವ ಉದ್ದೇಶ ನಿಮಗಿಲ್ಲವೆಂದು ಮೊದಲೇ ಹೇಳಿಬಿಡಿ. ನಂತರ ಒಂದು ಬದಲಾವಣೆಯನ್ನು ಕೋರಿ: ಊಟವನ್ನು ರಾತ್ರಿಯ ಬದಲು ಹಗಲಿನಲ್ಲಿ, ದಿನವೂ ಒಂದೇ ಹೊತ್ತಿಗೆ, ನಿಮ್ಮ ಮಲಗುವ ಕೋಣೆಯಿಂದ ದೂರದ ಒಂದೇ ಜಾಗದಲ್ಲಿ ಇಟ್ಟು, ಅರ್ಧ ಗಂಟೆಯ ನಂತರ ಉಳಿದದ್ದನ್ನು ತೆಗೆದುಬಿಡಲಿ. ರಾತ್ರಿ ಕಾದಾಡಿ ಗೆಲ್ಲುವುದಕ್ಕೆ ಅಲ್ಲೇನೂ ಉಳಿಯದಿದ್ದರೆ ಗದ್ದಲದಲ್ಲಿ ಒಂದು ಪಾಲು ಆಗಲೇ ಇಳಿಯುತ್ತದೆ. ಕಸದ ಡಬ್ಬಿಗಳಿಗೆ ಬಿಗಿಯಾದ ಮುಚ್ಚಳ ಹಾಕುವುದೂ ಇದರ ಜೊತೆಗೇ ಆಗಬೇಕು.

ಹೊತ್ತು ಹೊತ್ತಿಗೆ ಒಂದೇ ಜಾಗಕ್ಕೆ ಬರುವ ಬೆಕ್ಕನ್ನು ಬೋನಿನಲ್ಲಿ ಹಿಡಿಯುವುದು ಸುಲಭ. ಮೊದಲು ಪಶುವೈದ್ಯರೊಡನೆಯೋ ಪ್ರಾಣಿದಯಾ ಸಂಘದವರೊಡನೆಯೋ ಮಾತನಾಡಿ ಚಿಕಿತ್ಸೆಯ ದಿನವನ್ನು ಗೊತ್ತುಮಾಡಿಕೊಳ್ಳಿ. ಬೆಕ್ಕು ಸಿಕ್ಕ ಮೇಲೆ ವೈದ್ಯರನ್ನು ಹುಡುಕುವಂತಾಗಬಾರದು. ಬೋನನ್ನೂ ಅಂಥವರಿಂದಲೇ ಎರವಲು ಪಡೆಯುವುದು ಒಳ್ಳೆಯದು. ಬೋನಿನ ಬಾಗಿಲನ್ನು ತೆರೆದು ಕಟ್ಟಿಟ್ಟು, ಕೆಲವು ದಿನ ಊಟವನ್ನು ಅದರೊಳಗೇ ಇಡಿ. ಹಿಡಿಯುವ ಹಿಂದಿನ ದಿನ ನೀರು ಮಾತ್ರ ಇರಲಿ, ಊಟ ಬೇಡ. ಹಸಿದ ಬೆಕ್ಕು ಒಳಗೆ ಬರುತ್ತದೆ, ಅರಿವಳಿಕೆ ಕೊಡುವುದಕ್ಕೂ ಹೊಟ್ಟೆ ಖಾಲಿಯಿದ್ದರೆ ಕ್ಷೇಮ. ಬಾಗಿಲು ಬಿದ್ದೊಡನೆ ಬೆಕ್ಕು ಗಾಬರಿಯಿಂದ ಸರಳುಗಳಿಗೆ ಮುಖ ಗುದ್ದಿಕೊಳ್ಳುತ್ತದೆ. ಆಗ ಬೋನಿನ ಮೇಲೆ ದಪ್ಪ ಬಟ್ಟೆಯೊಂದನ್ನು ಪೂರ್ತಿಯಾಗಿ ಹೊದಿಸಿದರೆ ಕತ್ತಲಾದ ಕೆಲವು ಕ್ಷಣಗಳಲ್ಲೇ ಶಾಂತವಾಗುತ್ತದೆ. ಬೋನನ್ನು ಹೂಡಿಟ್ಟು ಎಲ್ಲಿಗೂ ಹೋಗಬೇಡಿ. ಬಿಸಿಲಿನಲ್ಲೋ ಮಳೆಯಲ್ಲೋ ನಾಯಿಗಳ ಎದುರಿನಲ್ಲೋ ಸಿಕ್ಕಿಬಿದ್ದ ಪ್ರಾಣಿಯ ಸಂಕಟವನ್ನು ಹೇಳತೀರದು.

ಸಿಕ್ಕ ಹೆಣ್ಣು ಬೆಕ್ಕಿನ ಮೊಲೆಗಳು ಉಬ್ಬಿ, ಸುತ್ತಲಿನ ಕೂದಲು ಸವೆದಿದ್ದರೆ ಎಲ್ಲೋ ಎಳೆಮರಿಗಳಿವೆ ಎಂದರ್ಥ. ಅದನ್ನು ವೈದ್ಯರಿಗೆ ತಿಳಿಸಿ, ಅವರ ಸಲಹೆಯಂತೆ ನಡೆಯಿರಿ. ಚಿಕಿತ್ಸೆಯ ಹೊತ್ತಿನಲ್ಲೇ ರೇಬಿಸ್ ಲಸಿಕೆಯನ್ನೂ ಹಾಕಿಸಿಬಿಡಿ. ಅರಿವಳಿಕೆಯಲ್ಲಿರುವಾಗಲೇ ಒಂದು ಕಿವಿಯ ತುದಿಯನ್ನು, ಹೆಚ್ಚಾಗಿ ಎಡಗಿವಿಯದನ್ನು, ಸುಮಾರು 1 ಸೆಂಟಿಮೀಟರ್‌ನಷ್ಟು ನೇರವಾಗಿ ಕತ್ತರಿಸುತ್ತಾರೆ. ಕೇಳಲು ಕಠಿಣವೆನಿಸಿದರೂ ಬೆಕ್ಕಿಗೆ ಇದರಿಂದ ದೊಡ್ಡ ಉಪಕಾರವೇ ಆಗುತ್ತದೆ: ಚಿಕಿತ್ಸೆಯಾದ ಬೆಕ್ಕು ಯಾವುದೆಂದು ದೂರದಿಂದಲೇ ಗುರುತಿಸಬಹುದು, ಅದನ್ನು ಮತ್ತೆ ಹಿಡಿದು ಹೊಟ್ಟೆ ಕೊಯ್ಯುವ ಪ್ರಮಾದ ತಪ್ಪುತ್ತದೆ. ಅರಿವಳಿಕೆ ಪೂರ್ತಿ ಇಳಿಯುವ ತನಕ, ಸಾಮಾನ್ಯವಾಗಿ ಗಂಡಿಗೆ ಒಂದು ರಾತ್ರಿ, ಹೆಣ್ಣಿಗೆ ಇನ್ನೊಂದು ದಿನ ಹೆಚ್ಚು, ಬೆಚ್ಚನೆಯ ನಿಶ್ಶಬ್ದ ಜಾಗದಲ್ಲಿಟ್ಟು, ಹಿಡಿದ ಜಾಗದಲ್ಲೇ ಬಿಡಬೇಕು. ಒಂದೆರಡಕ್ಕೆ ಚಿಕಿತ್ಸೆ ಮಾಡಿಸಿ ನಿಲ್ಲಿಸಿದರೆ ಫಲ ಕಾಣದು. ಉಳಿದ ಒಂದು ಹೆಣ್ಣಿದ್ದರೂ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ಅಷ್ಟರವರೆಗೆ ತಾಯಿಯವರ ನಿದ್ದೆಗೆ ಏನು ಮಾಡಬೇಕೆಂಬುದೂ ಮುಖ್ಯವೇ. ಸಾಧ್ಯವಾದರೆ ಅವರ ಹಾಸಿಗೆಯನ್ನು ಹಿಂಬದಿಯ ಕೋಣೆಯಿಂದ ಬದಲಾಯಿಸಿ. ಕೋಣೆಯಲ್ಲಿ ಫ್ಯಾನಿನಂಥ ಏಕಪ್ರಕಾರದ ಸದ್ದು ಇದ್ದರೆ ಹೊರಗಿನ ಕೂಗು ಅಷ್ಟು ಇರಿಯುವುದಿಲ್ಲ. ಬೆಕ್ಕುಗಳು ಎದುರುಬದುರಾಗಿ ನಿಂತು ಕೂಗುತ್ತಿರುವಾಗ ಕಿಟಕಿಯಿಂದಲೇ ಜೋರಾಗಿ ಚಪ್ಪಾಳೆ ತಟ್ಟಿದರೆ, ಇಲ್ಲವೇ ಅವುಗಳ ಪಕ್ಕದ ನೆಲಕ್ಕೆ ನೀರು ಚಿಮುಕಿಸಿದರೆ ಚದುರುತ್ತವೆ. ಕಲ್ಲು ಎಸೆಯಬೇಡಿ, ನಡುವೆ ಕೈ ಹಾಕಲೇಬೇಡಿ. ಬೆಕ್ಕಿನ ಹಲ್ಲು ಸಣ್ಣ ಗಾಯವನ್ನೇ ಮಾಡಿದರೂ ಆಳಕ್ಕೆ ಇಳಿದು ಕೀವು ತುಂಬಿಸುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು.

ಅವು ಕೂರುವ ಜಾಗವನ್ನು ಅನನುಕೂಲಗೊಳಿಸಬಹುದು. ಚಲನೆಯನ್ನು ಗುರುತಿಸಿ ತಾನಾಗಿ ನೀರು ಚಿಮ್ಮುವ ಸಾಧನ ಕಿಟಕಿಯ ಕೆಳಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಮನುಷ್ಯರಿಗೆ ಕೇಳದ ಸದ್ದು ಹೊರಡಿಸುವ ಯಂತ್ರಗಳ ಫಲ ಒಂದೇ ಸಮನಾಗಿರುವುದಿಲ್ಲ, ಬೆಕ್ಕುಗಳು ಅದಕ್ಕೆ ಒಗ್ಗಿಕೊಳ್ಳುವುದೂ ಉಂಟು. ಅದಕ್ಕೆ ಹಣ ಹಾಕಿ ಎಂದು ನಾನು ಹೇಳಲಾರೆ. ಖಾರದ ಪುಡಿ ಕಣ್ಣು ಪಂಜಗಳನ್ನು ಉರಿಸುತ್ತದೆ, ನುಸಿಗುಳಿಗೆ ವಿಷ, ಫಿನಾಲ್ ಇರುವ ಫಿನಾಯಿಲನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಹೊರಹಾಕಲಾರದು. ಈ ಮೂರನ್ನೂ ದೂರವಿಡಿ. ಮೂತ್ರದ ಕಲೆಯನ್ನು ಅಮೋನಿಯಾ ಇರುವ ದ್ರವದಿಂದ ತೊಳೆದರೆ ಆ ವಾಸನೆ ಮೂತ್ರವನ್ನೇ ಹೋಲುವುದರಿಂದ ಗಂಡುಗಳು ಅಲ್ಲಿಯೇ ಮತ್ತೆ ಗುರುತು ಹಾಕುತ್ತವೆ. ಕಿಣ್ವಗಳಿರುವ ಶುಚಿಕಾರಕವನ್ನು ಬಳಸಿ.

ಪ್ರಶ್ನೆ: ಹೊರಗಿನದಲ್ಲ, ನಮ್ಮ ಸ್ವಂತ ಬೆಕ್ಕೇ ರಾತ್ರಿಯೆಲ್ಲ ಮನೆಯೊಳಗೆ ಕೂಗುತ್ತಾ ತಿರುಗುತ್ತದೆ, ಅಕ್ಕಪಕ್ಕದವರು ದೂರುತ್ತಿದ್ದಾರೆ. ಹದಿಮೂರು ವರ್ಷದ ಹೆಣ್ಣು, ಶಸ್ತ್ರಚಿಕಿತ್ಸೆ ಎಂದೋ ಆಗಿದೆ. ಚೆನ್ನಾಗಿ ತಿನ್ನುತ್ತದೆ, ಆದರೂ ಸೊರಗಿದೆ.

ಉತ್ತರ: ಚೆನ್ನಾಗಿ ತಿಂದರೂ ಸೊರಗುತ್ತಿದೆ ಎಂಬ ನಿಮ್ಮ ಮಾತು ಬಹಳ ಮುಖ್ಯವಾದದ್ದು. ಈ ವಯಸ್ಸಿನ ಬೆಕ್ಕುಗಳಲ್ಲಿ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವುದು ಸಾಮಾನ್ಯ. ಹಸಿವು ಹೆಚ್ಚುವುದು, ತೂಕ ಇಳಿಯುವುದು, ಚಡಪಡಿಕೆ, ರಾತ್ರಿಯ ಕೂಗು ಇವೆಲ್ಲ ಅದರ ಲಕ್ಷಣಗಳು. ಅಧಿಕ ರಕ್ತದೊತ್ತಡ, ಕಿವುಡು, ವಯಸ್ಸಿನಿಂದ ಬರುವ ಮರೆವು ಕೂಡ ಬೆಕ್ಕನ್ನು ಕತ್ತಲಲ್ಲಿ ಹೀಗೆ ಕೂಗಿಸುತ್ತವೆ. ಈ ವಾರವೇ ವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿ, ರಕ್ತದೊತ್ತಡವನ್ನೂ ನೋಡಲು ಹೇಳಿ. ಥೈರಾಯ್ಡ್ ತೊಂದರೆಗೆ ಔಷಧವಿದೆ, ಬೆಕ್ಕು ಮತ್ತೆ ಮೈತುಂಬಿಕೊಳ್ಳುತ್ತದೆ. ನಿದ್ದೆ ಬರಲೆಂದು ಮನುಷ್ಯರ ಮಾತ್ರೆಗಳನ್ನು ಕೊಡುವ ಯೋಚನೆ ಬೇಡ. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಇದನ್ನು ಓದುವ ಗಂಡು ಬೆಕ್ಕಿನ ಒಡೆಯರಿಗೂ ಒಂದು ಮಾತು. ಬೆಕ್ಕು ಪದೇ ಪದೇ ಮೂತ್ರಕ್ಕೆ ಕುಳಿತು, ತಿಣುಕಿ, ಹನಿಯೂ ಬಾರದೆ ಕೂಗಿದರೆ ಬೆಳಗಾಗಲೆಂದು ಕಾಯಬೇಡಿ. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲಿ ಪ್ರಾಣ ಹೋಗುತ್ತದೆ.

ಪ್ರಶ್ನೆ: ನಮ್ಮ ಅಟ್ಟದಲ್ಲಿ ಬೆಕ್ಕೊಂದು ಮರಿ ಹಾಕಿದೆ, ರಾತ್ರಿಯಿಡೀ ಕೀಚು ಕೀಚು ಸದ್ದು. ಮರಿಗಳನ್ನು ಹೊರಗಿಟ್ಟು ಕಿಂಡಿಯನ್ನು ಮುಚ್ಚಿಬಿಡಬಹುದೇ?

ಉತ್ತರ: ಈಗ ಮುಚ್ಚಬೇಡಿ. ತಾಯಿ ಹೊರಗೆ ಹೋದಾಗ ಮುಚ್ಚಿದರೆ ಮರಿಗಳು ಒಳಗೆ ಹಸಿದು ಸಾಯುತ್ತವೆ. ತಾಯಿಯಿಲ್ಲದೆ ಹೊರಗಿಟ್ಟರೆ ಎಳೆಮರಿಗಳ ಮೈ ತಣ್ಣಗಾಗಿ ಸಾಯುತ್ತವೆ, ಏಕೆಂದರೆ ಮೊದಲ ಕೆಲವು ವಾರ ದೇಹದ ಶಾಖವನ್ನು ತಾವೇ ಕಾಪಾಡಿಕೊಳ್ಳುವ ಶಕ್ತಿ ಅವಕ್ಕಿರುವುದಿಲ್ಲ. ತಾಯಿ ಬಂದು ಹಾಲೂಡಿಸಿದಾಗ ಸದ್ದು ಅಡಗುತ್ತದೆ; ಗಂಟೆಗಟ್ಟಲೆ ಅಡಗದಿದ್ದರೆ ಮಾತ್ರ ತಾಯಿಗೆ ಏನಾಗಿದೆಯೆಂದು ವಿಚಾರಿಸಬೇಕು. ಆಗಲೂ ಹಸುವಿನ ಹಾಲನ್ನು ಕೊಡದೆ, ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನು ವೈದ್ಯರ ಸಲಹೆಯಂತೆ ಬಳಸಿ.

ಮರಿಗಳು ನಾಲ್ಕು ವಾರಕ್ಕೆ ಗಟ್ಟಿ ಆಹಾರವನ್ನು ಮೂಸಲು ತೊಡಗುತ್ತವೆ, ಎಂಟು ವಾರಕ್ಕೆ ತಾಯಿಯ ಹಾಲನ್ನು ಬಿಡಬಲ್ಲವು. ಅಷ್ಟರೊಳಗೆ ಅವನ್ನು ಕೈಗೆ ರೂಢಿಮಾಡಿಸಿದರೆ ಸಾಕುವ ಮನೆಗಳು ಸಿಗುವುದು ಕಷ್ಟವಲ್ಲ. ಹಾಲೂಡಿಸುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬಂದು ಗರ್ಭ ಕಟ್ಟಬಹುದಾದ್ದರಿಂದ, ಅದರ ಶಸ್ತ್ರಚಿಕಿತ್ಸೆಯ ದಿನವನ್ನು ಈಗಲೇ ಗೊತ್ತುಮಾಡಿಡಿ. ಎಲ್ಲವೂ ಹೊರಬಂದ ಮೇಲೆ, ಕಿಂಡಿಗೆ ಒಂದು ಹಾಳೆಯನ್ನು ಸಡಿಲವಾಗಿ ಅಂಟಿಸಿ ಎರಡು ರಾತ್ರಿ ನೋಡಿ. ಹಾಳೆ ಹರಿಯದೆ ಉಳಿದು, ಒಳಗಿನಿಂದ ಯಾವ ಸದ್ದೂ ಬಾರದಿದ್ದರೆ ತಂತಿಬಲೆ ಹೊಡೆದು ಮುಚ್ಚಬಹುದು.