ಸ್ಕ್ಯಾನ್ ಆಗುತ್ತದೆ, ಇಮೇಲ್ ಹೋಗುವುದಿಲ್ಲ

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಪತ್ತಿನ ಸಹಕಾರಿ ಸಂಘದ ಕಾಪಿಯರ್‌ನಲ್ಲಿ ಜೆರಾಕ್ಸ್, ಪ್ರಿಂಟ್ ಎರಡೂ ಸರಿಯಾಗಿವೆ, ಆದರೆ ಸ್ಕ್ಯಾನ್ ಮಾಡಿದ ಕಾಗದವನ್ನು ಸಂಘದ ಜಿಮೇಲ್ ಖಾತೆಯಿಂದ ಕಳುಹಿಸಲು ಹೋದರೆ ‘ದೃಢೀಕರಣ ವಿಫಲ’ ಎಂಬ ಸಂದೇಶ ಬರುತ್ತದೆ. ಅದೇ ಪಾಸ್‌ವರ್ಡ್‌ನಿಂದ ಕಂಪ್ಯೂಟರಿನಲ್ಲಿ ಲಾಗಿನ್ ಆಗುತ್ತದೆ. ಯಂತ್ರ ಕೆಟ್ಟಿದೆಯೇ?

ಉತ್ತರ: ಇಲ್ಲ, ದಯವಿಟ್ಟು ದುರಸ್ತಿಗೆ ಹಣ ಕೊಡಬೇಡಿ. ಈ ಸಂದೇಶ ಬಂದಿದೆಯೆಂದರೆ ಕಾಪಿಯರ್ ಮೇಲ್ ಸರ್ವರ್‌ವರೆಗೆ ತಲುಪಿದೆ, ಅಲ್ಲಿ ಪಾಸ್‌ವರ್ಡ್ ತಿರಸ್ಕೃತವಾಗಿದೆ ಎಂದೇ ಅರ್ಥ. ಕೇವಲ ಹೆಸರು ಮತ್ತು ಖಾತೆಯ ಪಾಸ್‌ವರ್ಡ್ ಕೊಟ್ಟು ಪ್ರವೇಶಿಸುವ ಇಂತಹ ಸಾಧನಗಳಿಗೆ ಗೂಗಲ್ 2022ರ ಮೇ 30ರಿಂದ ಆ ದಾರಿಯನ್ನು ಮುಚ್ಚತೊಡಗಿತು. ಆದ್ದರಿಂದ ಖಾತೆಯಲ್ಲಿ ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ, ಅನಂತರ ಅದೇ ಖಾತೆಯಲ್ಲಿ ಇಂತಹ ಸಾಧನಕ್ಕೆಂದೇ ರಚಿಸಿಕೊಳ್ಳುವ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡನ್ನು ಕಾಪಿಯರ್‌ನ ಎಸ್‌ಎಂಟಿಪಿ (ಇಮೇಲ್ ಕಳುಹಿಸುವ) ಸೆಟ್ಟಿಂಗ್‌ನಲ್ಲಿ ಜಾಗ ಬಿಡದೆ ತುಂಬಿರಿ. ಪೋರ್ಟ್ 587, ಭದ್ರತೆ ಸ್ಟಾರ್ಟ್‌ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಗೆ ಬದಲಿಸುವ ವಿಧಾನ) ಇರಲಿ. ಮುಂದೆ ಯಾರಾದರೂ ಖಾತೆಯ ಮೂಲ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್ ರದ್ದಾಗುತ್ತದೆ. ಸಿಬ್ಬಂದಿ ಬದಲಾದಾಗ ಕಚೇರಿಗಳು ಮರೆಯುವುದು ಇದನ್ನೇ, ಹೊಸದನ್ನು ಮತ್ತೆ ತುಂಬಬೇಕು.

ಇಷ್ಟಾದರೂ ಸಂಪರ್ಕ ಸಿಗದಿದ್ದರೆ ಕಾಪಿಯರ್‌ನ ದಿನಾಂಕ ನೋಡಿ. ಅದು ತಪ್ಪಿದ್ದರೆ ಸರ್ವರ್ ತನ್ನ ಗುರುತಿಗೆ ತೋರಿಸುವ ಡಿಜಿಟಲ್ ಪ್ರಮಾಣಪತ್ರದ ಅವಧಿ ತಾಳೆಯಾಗದೆ ಸುರಕ್ಷಿತ ಸಂಪರ್ಕವೇ ಮುರಿಯಬಹುದು. ಚಿಕ್ಕ ಪತ್ರಗಳು ಹೋಗಿ ದಪ್ಪ ಸಾಲದ ಕಡತ ಮಾತ್ರ ನಿಂತರೆ ಕಾರಣ ಗಾತ್ರ: ಜಿಮೇಲ್ ಮಿತಿ 25 ಎಂಬಿ, ಆದರೆ ಲಗತ್ತು ಕಳುಹಿಸುವಾಗ ಸುಮಾರು ಮೂರನೇ ಒಂದು ಭಾಗ ಹಿಗ್ಗುತ್ತದೆ. ಬಣ್ಣ ಬಿಟ್ಟು 200 ಡಿಪಿಐನಲ್ಲಿ (ಇಂಚಿಗೆ 200 ಚುಕ್ಕೆ) ಸ್ಕ್ಯಾನ್ ಮಾಡಿ.