ಆರ್ಡರ್ ಮೇಲ್‌ನಲ್ಲಿ, ಕೆಲಸ ಡೈರಿಯಲ್ಲಿ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಚಿಕ್ಕ ಪ್ರಿಂಟಿಂಗ್ ಪ್ರೆಸ್, ನಾಲ್ಕು ಜನ ಇದ್ದೇವೆ. ಆರ್ಡರ್ ಜಿಮೇಲ್‌ಗೆ ಬರುತ್ತದೆ, ಕೆಲಸದ ಪಟ್ಟಿ ಡೈರಿಯಲ್ಲಿ, ಎಷ್ಟು ಮುಗಿಯಿತು ಅನ್ನೋದು ವಾಟ್ಸ್‌ಆ್ಯಪ್‌ನಲ್ಲಿ. ಮೂರೂ ಒಂದೇ ಕಡೆ ಸಿಗುವ ಆ್ಯಪ್ ಇದೆಯಾ?

ಉತ್ತರ: ದುಡ್ಡು ಕೊಟ್ಟು ಹೊಸದು ತಗೊಳ್ಳುವ ಮೊದಲು ಜಿಮೇಲ್‌ನಲ್ಲೇ ಇರುವುದನ್ನು ಬಳಸಿ ನೋಡಿ. ಕಂಪ್ಯೂಟರ್‌ನಲ್ಲಿ ಮೇಲ್ ತೆರೆದರೆ 'ಆ್ಯಡ್ ಟು ಟಾಸ್ಕ್ಸ್' ಅಂತ ಒಂದು ಆಯ್ಕೆ ಇರುತ್ತದೆ. ಒತ್ತಿದರೆ ಆ ಮೇಲ್ ಬಲಗಡೆಯ ಪಟ್ಟಿಯಲ್ಲಿ ಒಂದು ಕೆಲಸವಾಗಿ ಕೂರುತ್ತದೆ, ದಿನಾಂಕ ಹಾಕಿದರೆ ಗೂಗಲ್ ಕ್ಯಾಲೆಂಡರ್‌ನಲ್ಲೂ ಕಾಣುತ್ತದೆ, ಆಮೇಲೆ ಅಲ್ಲಿರುವ ಕೊಂಡಿ ಒತ್ತಿದರೆ ಅದೇ ಮೇಲ್ ಮತ್ತೆ ತೆರೆಯುತ್ತದೆ. ಹುಡುಕುವ ಗೋಜೇ ಇಲ್ಲ.

ಆದರೆ ಅದು ನಿಮ್ಮೊಬ್ಬರ ಪಟ್ಟಿ ಅಲ್ವಾ? ನಾಲ್ಕೂ ಜನಕ್ಕೆ ಕಾಣಬೇಕು ಅಂದರೆ ನಾನು ಟ್ರೆಲ್ಲೊ ಅಂತೀನಿ, ಒಂದೊಂದು ಕೆಲಸವನ್ನೂ ಒಂದೊಂದು ಕಾರ್ಡಾಗಿ ತಂಡಕ್ಕೆಲ್ಲ ತೋರಿಸುವ ಆ್ಯಪ್ ಅದು. ಒಂದು ಬೋರ್ಡ್ ಮಾಡಿ ಡಿಸೈನ್, ಪ್ರೂಫ್, ಮುದ್ರಣ, ಡೆಲಿವರಿ ಅಂತ ಪಟ್ಟಿ ಇಡಿ. ಬೋರ್ಡಿಗೆ ಮೇಲ್ ಕಳಿಸಲು ಒಂದು ಇಮೇಲ್ ವಿಳಾಸ ಕೊಡುತ್ತಾರೆ. ಆರ್ಡರನ್ನು ಅಲ್ಲಿಗೆ ಫಾರ್ವರ್ಡ್ ಮಾಡಿದರೆ ಸಬ್ಜೆಕ್ಟ್ ಸಾಲೇ ಕಾರ್ಡಿನ ಹೆಸರಾಗುತ್ತದೆ, ಲಗ್ನಪತ್ರಿಕೆಯ ಪಿಡಿಎಫ್ ಕೂಡ ಜೊತೆಗೇ ಬರುತ್ತದೆ. ಸಬ್ಜೆಕ್ಟ್‌ನಲ್ಲಿ ಗಿರಾಕಿಯ ಹೆಸರು, ಪ್ರತಿಗಳ ಸಂಖ್ಯೆ ನೀವೇ ಬರೆದು ಕಳಿಸಿ, ಇಲ್ಲದಿದ್ದರೆ ಎಲ್ಲ ಕಾರ್ಡೂ ಒಂದೇ ಥರ ಕಾಣುತ್ತವೆ. ಪ್ರೂಫ್ ಒಪ್ಪಿಗೆಯಾದ ಕೂಡಲೇ ಕಾರ್ಡನ್ನು ಮುದ್ರಣದ ಪಟ್ಟಿಗೆ ಎಳೆದುಬಿಡಿ.

ವಾಟ್ಸ್‌ಆ್ಯಪ್ ಬಿಡಬೇಕಿಲ್ಲ. ಗಿರಾಕಿ ಅಲ್ಲಿ ಹೇಳಿದ ಬದಲಾವಣೆಯನ್ನು ಮಾತ್ರ ಆಗಲೇ ಕಾರ್ಡಿಗೆ ಹಾಕಿ, ಸಂಜೆಗೆ ಇಟ್ಟುಕೊಳ್ಳಬೇಡಿ.